ಗ್ಯಾರೇಜಿನಲ್ಲೊಂದು ಹೆಲಿಕಾಪ್ಟರ್

ಮನೆಯಲ್ಲೇ ವಿಮಾನ ಕಟ್ಟುವವರಿದ್ದಾರೆ ಅಂದರೆ ಜನ ಹೇಗೋ ನಂಬುತ್ತಾರೆ. ಹೆಲಿಕಾಪ್ಟರ್ ಅಂದರೆ ಮಾತ್ರ ನಗುತ್ತಾರೆ. ನಗುವುದರಲ್ಲಿ ತಪ್ಪೇನಿಲ್ಲ ಬಿಡಿ. ವಿಮಾನ ಎಂಜಿನ್ ನಿಂತರೂ ಒಂದಿಷ್ಟು ದೂರ ಜಾರಿಕೊಂಡು ಹೋಗಿ ಯಾವುದಾದರೂ ಹೊಲದಲ್ಲಿ ಕೂರುತ್ತದೆ. ಹೆಲಿಕಾಪ್ಟರಿನಲ್ಲಿ ರೆಕ್ಕೆಯೇ ತಿರುಗುತ್ತಿರಬೇಕು. ಅದು ನಿಂತರೆ ಆಮೇಲೆ ಅದು ಹೆಲಿಕಾಪ್ಟರ್ ಅಲ್ಲ, ಕಬ್ಬಿಣದ ಗಂಟು.

ಆದರೂ ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷಗಳಿಂದ ಜನ ಇದನ್ನು ಮಾಡುತ್ತಾ ಬಂದಿದ್ದಾರೆ. ಪೆಟ್ಟಿಗೆಗಳಲ್ಲಿ ಬಿಡಿಭಾಗ ತರಿಸಿಕೊಂಡು, ಕಾರು ನಿಲ್ಲಿಸುವ ಜಾಗದಲ್ಲಿ ಜೋಡಿಸಿ, ತಾವೇ ಕೂತು ಹಾರಿದ್ದಾರೆ. ಕೆಲವರು ಸತ್ತಿದ್ದಾರೆ, ಹೆಚ್ಚಿನವರು ಬದುಕಿದ್ದಾರೆ, ಬಹಳ ಜನ ಅರ್ಧಕ್ಕೇ ಬಿಟ್ಟಿದ್ದಾರೆ. ನಾನಿರುವ ಊರು ಅರಿಜೋನಾದ ಚಾಂಡ್ಲರ್, ಈ ಹುಚ್ಚಿಗೆ ದಶಕಗಳ ಕಾಲ ತವರುಮನೆ. ಹಾಗಾಗಿ ಕೆಲವು ತಿಂಗಳಿಂದ ನನ್ನ ತಲೆಯಲ್ಲೂ ಒಂದು ಫ್ಯಾನು ತಿರುಗುತ್ತಿದೆ. ನಾನೂ ಒಂದು ಕಟ್ಟಲೇ, ಬೇಡವೇ? ತೀರ್ಮಾನಕ್ಕೆ ಮುಂಚೆ ಹಿಂದಿನವರು ಏನು ಮಾಡಿದರು ಅಂತ ಓದಲು ಕೂತೆ. ಓದಿದ್ದನ್ನು ಇಲ್ಲಿ ಕೊರೆಯುತ್ತಿದ್ದೇನೆ, ಸಹಿಸಿಕೊಳ್ಳಿ :-)

ಮೊದಲಿಗೆ ಒಂದು ಮಾತು. ಹೆಲಿಕಾಪ್ಟರ್ ಅನ್ನೋದು ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿ ಆಮೇಲೆ ಗ್ಯಾರೇಜಿಗೆ ಬಂದದ್ದಲ್ಲ. ಅದು ಹುಟ್ಟಿದ್ದೇ ಗ್ಯಾರೇಜಿನಂಥ ಜಾಗಗಳಲ್ಲಿ. ಫ್ರಾನ್ಸಿನ ಲಿಸಿಯೂ ಊರಿನ ಪಾಲ್ ಕೋರ್ನು ಸೈಕಲ್ ಮಾಡುತ್ತಿದ್ದವನು. 1907ರ ನವೆಂಬರ್ 13ರಂದು 24 ಅಶ್ವಶಕ್ತಿಯ ಎಂಜಿನ್ನಿಗೆ ಬೆಲ್ಟು ಹಾಕಿ ಎರಡು ರೋಟರ್ ತಿರುಗಿಸಿ ನೆಲದಿಂದ ಒಂದಡಿಯಷ್ಟು ಮೇಲೆದ್ದ ಅಂತ ದಾಖಲೆ. ಅಷ್ಟು ಶಕ್ತಿಯಲ್ಲಿ ಅಷ್ಟು ತೂಕ ಏಳಲು ಸಾಧ್ಯವೇ ಇರಲಿಲ್ಲ ಅಂತ ಆಮೇಲಿನ ಎಂಜಿನಿಯರುಗಳು ಲೆಕ್ಕ ಹಾಕಿ ತಕರಾರು ತೆಗೆದಿದ್ದಾರೆ. ಎದ್ದನೋ ಇಲ್ಲವೋ, ಯಂತ್ರವನ್ನು ಹತೋಟಿಯಲ್ಲಿಡುವ ದಾರಿ ಅವನಿಗೆ ಸಿಗಲಿಲ್ಲ. ಕೈಬಿಟ್ಟು ಮತ್ತೆ ತನ್ನ ಅಂಗಡಿಗೆ ಹೋದ. 1944ರ ಜೂನ್‌ನಲ್ಲಿ ಮಿತ್ರಪಡೆಗಳ ಬಾಂಬು ಬಿದ್ದು ತನ್ನೂರಲ್ಲೇ ಸತ್ತ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ನಿಜವಾದ ಹೆಲಿಕಾಪ್ಟರುಗಳು ಸೇನೆಗೆ ತಯಾರಾಗುತ್ತಿದ್ದವು.

ಮೇಲೇಳುವುದು ಕಷ್ಟವಲ್ಲ, ಎದ್ದ ಮೇಲೆ ಮಗುಚದೇ ಇರುವುದು ಕಷ್ಟ. ಈ ಗಂಟನ್ನು ಬಿಡಿಸಿದವನು ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ. ಯೋಚನೆ ಮಾಡಿ ನೋಡಿ: ಯಂತ್ರ ಮುಂದಕ್ಕೆ ಹೋಗುತ್ತಿರುವಾಗ ಒಂದು ಪಕ್ಕದ ಬ್ಲೇಡು ಗಾಳಿಗೆ ಎದುರಾಗಿ ಬರುತ್ತದೆ, ಇನ್ನೊಂದು ಪಕ್ಕದ್ದು ಗಾಳಿಯ ಜೊತೆ ಹಿಂದೆ ಹೋಗುತ್ತದೆ. ಎದುರು ಬರುವುದು ಜಾಸ್ತಿ ಎತ್ತುತ್ತದೆ, ಹಿಂದೆ ಹೋಗುವುದು ಕಮ್ಮಿ. ಹೀಗಾಗಿ ಇಡೀ ಯಂತ್ರ ಒಂದು ಮಗ್ಗುಲಿಗೆ ಉರುಳುತ್ತದೆ. ಅವನ ಮೊದಲ ಯಂತ್ರಗಳಿಗೆಲ್ಲ ಇದೇ ಗತಿಯಾಯಿತು. ವಿಚಿತ್ರ ಅಂದರೆ ಚಿಕ್ಕ ಮಾದರಿ ಮಾತ್ರ ಚೆನ್ನಾಗಿ ಹಾರುತ್ತಿತ್ತು. ಮಾದರಿಯ ಬ್ಲೇಡಿನ ಒಳಗೆ ಬೆತ್ತ ಇತ್ತು, ಅದು ಬಾಗುತ್ತಿತ್ತು! ಬಾಗಿದರೆ ಹೆಚ್ಚಿನ ಎತ್ತುವಿಕೆ ಬ್ಲೇಡಿನ ಬಾಗುವಿಕೆಯಲ್ಲೇ ಕರಗಿಹೋಗುತ್ತದೆ, ಯಂತ್ರದ ಮೈಗೆ ತಟ್ಟುವುದಿಲ್ಲ. ಅಷ್ಟು ತಿಳಿದದ್ದೇ ತಡ, ದೊಡ್ಡ ಬ್ಲೇಡುಗಳ ಬುಡಕ್ಕೆ ಬಾಗಿಲಿಗೆ ಹಾಕುವಂಥ ತಿರುಗಣೆ ಹಾಕಿದ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರ ಅವನ ಆಟೋಜೈರೋ ಹಾರಿತು. ಅದರ ರೋಟರಿಗೆ ಎಂಜಿನ್ ಇಲ್ಲ, ಮುಂದೆ ಎಳೆಯುವ ಪ್ರೊಪೆಲ್ಲರ್ ಇದೆ. ಗಾಳಿಯೇ ರೋಟರನ್ನು ತಿರುಗಿಸುತ್ತದೆ. ನಮ್ಮ ಮಲೆನಾಡಿನ ಕಾಡಿನಲ್ಲಿ ಕಿರಾಲಬೋಗಿ ಮರದ ಎರಡು ರೆಕ್ಕೆಯ ಬೀಜ ಗಿರಗಿರ ತಿರುಗುತ್ತಾ ನಿಧಾನವಾಗಿ ಇಳಿಯುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಪಾಪ, ವಿಮಾನ ಗಾಳಿಯಲ್ಲಿ ವೇಗ ಕಳೆದುಕೊಂಡು ಬೀಳಬಾರದು ಅಂತಲೇ ಇಷ್ಟೆಲ್ಲ ಮಾಡಿದವನು 1936ರಲ್ಲಿ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಒಂದು ಮಾಮೂಲಿ ಪ್ರಯಾಣಿಕ ವಿಮಾನ ಬಿದ್ದು ಸತ್ತ.

ಇಲ್ಲೊಂದು ಅಡ್ಡಮಾತು. ಅದೇ 1923ರಲ್ಲಿ ನಮ್ಮ ಕಡೆಯೂ ವಿಮಾನದ ನಕ್ಷೆಗಳು ತಯಾರಾಗಿದ್ದವು. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ'ಕ್ಕೆ ಬೆಂಗಳೂರಿನ ಎಲ್ಲಪ್ಪ ಅನ್ನುವವರು ಚಿತ್ರ ಬರೆದುಕೊಟ್ಟರು. ಅದರಲ್ಲಿ 'ರುಕ್ಮ ವಿಮಾನ' ಅಂತ ಒಂದಿದೆ. ಮೇಲಿಂದ ಫ್ಯಾನುಗಳು ಗಾಳಿ ಎಳೆದು ಕೊಳವೆಗಳಲ್ಲಿ ಕೆಳಕ್ಕೆ ನೂಕುವ ಏರ್ಪಾಡು, ಅಂದರೆ ನೇರ ಮೇಲೇಳುವ ಯಂತ್ರವೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಲೆಕ್ಕ ಹಾಕಿ ನೋಡಿ, ಪುಸ್ತಕದಲ್ಲಿ ಹೇಳಿದ ಹಾಗೆ ಕಟ್ಟಿದರೆ ಇವು ಹಾರುವಂಥವಲ್ಲ ಅಂತ ಬರೆದರು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ನನಗೆ ಮಾತ್ರ ಬೇಸರವಾಗುವುದು ಬೇರೆ ಕಾರಣಕ್ಕೆ. ಸಿಯೆರ್ವಾನ ಬೆತ್ತದ ಬ್ಲೇಡಿನಂಥ ಒಂದು ಚಿಕ್ಕ ಮಾದರಿಯನ್ನಾದರೂ ಆನೇಕಲ್ಲಿನ ಯಾರಾದರೂ ಬಡಗಿ ಮಾಡಿ ನೋಡಿದ್ದಿದ್ದರೆ! ಕಾಗದದ ಮೇಲೆ ಬಾಗುವುದು ಯಾವುದೂ ಇಲ್ಲ, ಮುರಿಯುವುದೂ ಇಲ್ಲ.

ಮಾದರಿ ಮಾಡುವುದರಲ್ಲಿ ನನ್ನ ದೇವರು ಅಂದರೆ ಆರ್ಥರ್ ಯಂಗ್. ಪ್ರಿನ್ಸ್‌ಟನ್ನಿನಲ್ಲಿ ಗಣಿತ ಓದಿದ ಈ ಪುಣ್ಯಾತ್ಮನಿಗೆ ಬೇಕಾಗಿದ್ದದ್ದು ತತ್ತ್ವಶಾಸ್ತ್ರ. ಅದಕ್ಕೆ ಮೊದಲು ಕೈಗೆ ಸಿಗುವಂಥ ಒಂದು ಗಟ್ಟಿ ಸಮಸ್ಯೆಯನ್ನು ಬಿಡಿಸಿ ಬುದ್ಧಿಯನ್ನು ಹದ ಮಾಡಿಕೊಳ್ಳಬೇಕು ಅಂತ 1928ರ ಸುಮಾರಿಗೆ ಹೆಲಿಕಾಪ್ಟರನ್ನು ಆರಿಸಿಕೊಂಡ. ಪೆನ್ಸಿಲ್ವೇನಿಯಾದಲ್ಲಿ ಕುದುರೆ ಲಾಯ, ಕೊಟ್ಟಿಗೆಯಂಥ ಜಾಗಗಳಲ್ಲಿ ಹನ್ನೆರಡು ವರ್ಷ ಕೂತು ಚಿಕ್ಕ ಚಿಕ್ಕ ಮಾದರಿ ಮಾಡಿದ, ಒಡೆದ, ಮತ್ತೆ ಮಾಡಿದ. ಕೊನೆಗೆ ರೋಟರಿನ ಕೆಳಗೆ ಅಡ್ಡಲಾಗಿ, ತುದಿಗಳಲ್ಲಿ ತೂಕವಿರುವ ಒಂದು ಸರಳು ಹಾಕಿದರೆ ಅದು ಬುಗುರಿಯ ಹಾಗೆ ತನ್ನ ಮಟ್ಟ ಬಿಡದೆ ರೋಟರನ್ನೂ ಮಟ್ಟದಲ್ಲಿಡುತ್ತದೆ ಅಂತ ಕಂಡುಕೊಂಡ. 1941ರಲ್ಲಿ ಬೆಲ್ ಕಂಪನಿ ಅವನನ್ನು ಕರೆಸಿಕೊಂಡಿತು. 1946ರ ಮಾರ್ಚ್ 8ರಂದು ಬೆಲ್ 47ಕ್ಕೆ ಸಿಕ್ಕ ಪ್ರಮಾಣಪತ್ರ ನಾಗರಿಕರ ಬಳಕೆಗೆ ಹೆಲಿಕಾಪ್ಟರೊಂದಕ್ಕೆ ಸಿಕ್ಕ ಮೊದಲನೆಯದು. ಆಮೇಲೆ ಯಂಗ್ ಆರಾಮಾಗಿ ತತ್ತ್ವಶಾಸ್ತ್ರಕ್ಕೆ ಹೋದ. ಇಂಥ ಮನುಷ್ಯರಿದ್ದಾರೆ ನೋಡಿ!

ಸಿಕೋರ್ಸ್ಕಿಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಎರಡೇ ಮಾತು. ಕೀವ್‌ನಲ್ಲಿ 1909 ಮತ್ತು 1910ರಲ್ಲಿ ಎರಡು ಹೆಲಿಕಾಪ್ಟರ್ ಮಾಡಿ ಸೋತು, ಮೂವತ್ತು ವರ್ಷ ವಿಮಾನಗಳನ್ನೇ ಮಾಡುತ್ತಿದ್ದು, 1939ರ ಸೆಪ್ಟೆಂಬರ್ 14ರಂದು ಐವತ್ತನೇ ವಯಸ್ಸಿನಲ್ಲಿ ತಲೆಗೆ ಹ್ಯಾಟು ಹಾಕಿಕೊಂಡು ವಿಎಸ್-300ನ್ನು ತಾನೇ ಹಾರಿಸಿದ. ಯಂತ್ರವನ್ನು ನೆಲಕ್ಕೆ ಕಟ್ಟಿಹಾಕಲಾಗಿತ್ತು. ಕಟ್ಟು ಬಿಚ್ಚಿ ಹಾರಿದ್ದು 1940ರ ಮೇ 13ಕ್ಕೆ, ಅಂದರೆ ಎಂಟು ತಿಂಗಳ ನಂತರ. ಆ ಎಂಟು ತಿಂಗಳನ್ನು ನಾನು ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದೇನೆ.

ಯುದ್ಧ ಮುಗಿದ ಮೇಲೆ ಅಮೆರಿಕದವರಿಗೆ ಇನ್ನೇನು ಮನೆಗೊಂದು ಹೆಲಿಕಾಪ್ಟರ್ ಬಂದೇ ಬಿಡುತ್ತದೆ ಅನ್ನುವ ಭ್ರಮೆ. 1951ರ ಫೆಬ್ರವರಿಯ 'ಪಾಪ್ಯುಲರ್ ಮೆಕಾನಿಕ್ಸ್' ಮುಖಪುಟದಲ್ಲಿ ಒಬ್ಬ ಮನುಷ್ಯ ತನ್ನ ಹಳದಿ ಹೆಲಿಕಾಪ್ಟರನ್ನು ಗ್ಯಾರೇಜಿಗೆ ಸೇರಿಸುತ್ತಿದ್ದಾನೆ, ನಾವು ಸಂಜೆ ಸ್ಕೂಟರ್ ಒಳಗೆ ತಳ್ಳುವ ಹಾಗೆ. ಬರಲಿಲ್ಲ. ಬೆಲೆ, ಸದ್ದು, ಕಲಿಯುವ ಕಷ್ಟ, ಎಲ್ಲಕ್ಕಿಂತ ಹೆಚ್ಚಾಗಿ ರಿಪೇರಿ. ಹೆಲಿಕಾಪ್ಟರಿನ ಬಹುಪಾಲು ಭಾಗಗಳು ನಡುಗುತ್ತಲೇ ಇರುತ್ತವೆ. ನಡುಗುವ ಲೋಹ ದಣಿಯುತ್ತದೆ. ದಣಿದದ್ದು ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ಇಷ್ಟು ಗಂಟೆ ಆದ ಮೇಲೆ ಚೆನ್ನಾಗಿ ಕಂಡರೂ ಎಸೆಯಬೇಕು ಅನ್ನುವ ನಿಯಮ. ಇವತ್ತು ಶಾಲೆಗಳಲ್ಲಿ ಕಲಿಸಲು ಬಳಸುವ ಪುಟ್ಟ ರಾಬಿನ್ಸನ್ ಆರ್22 ಕೂಡ 2,200 ಗಂಟೆಗೆ ಪೂರ್ತಿ ಬಿಚ್ಚಿ ಕಟ್ಟಿಸಿಕೊಳ್ಳಬೇಕು. (ಅಂದ ಹಾಗೆ ಆ ಕಂಪನಿಯನ್ನು ಫ್ರಾಂಕ್ ರಾಬಿನ್ಸನ್ 1973ರಲ್ಲಿ ಶುರು ಮಾಡಿದ್ದೂ ತನ್ನ ಮನೆಯಲ್ಲೇ!)

ದುಡ್ಡಿಲ್ಲದ, ಆದರೆ ಸ್ಪ್ಯಾನರ್ ಹಿಡಿಯಲು ಬರುವ ಜನರಿಗೆ ದಾರಿ ತೋರಿಸಿದವನು ಇಗೋರ್ ಬೆನ್ಸೆನ್. ಇವನೂ ರಷ್ಯಾದಿಂದ ಬಂದವನೇ. ಉತ್ತರ ಕೆರೊಲಿನಾದ ರಾಲಿಯಲ್ಲಿ ಕೂತು ಸಿಯೆರ್ವಾನ ಆಟೋಜೈರೋವನ್ನು ಎಲುಬಿಗೆ ಇಳಿಸಿದ: ಕೆಲವು ಅಲ್ಯೂಮಿನಿಯಂ ಕೊಳವೆ, ಒಂದು ಕುರ್ಚಿ, ತಲೆಯ ಮೇಲೆ ಎರಡು ಬ್ಲೇಡು. ಮೊದಲು ಎಂಜಿನ್ನೂ ಇಲ್ಲ, ಕಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಗಾಳಿಪಟದ ಹಾಗೆ ಏರುವುದು. 1955ರ ಡಿಸೆಂಬರಿನಲ್ಲಿ ಎಂಜಿನ್ ಹಾಕಿ ಹಾರಿಸಿದ. ನಕ್ಷೆಗಳನ್ನೂ ಕಿಟ್ಟುಗಳನ್ನೂ ಮಾರಿದ. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರ ಸಂಘ ಶುರು ಮಾಡಿದ್ದನಲ್ಲ, ಆ ಗಾಳಿಯೂ ಬೀಸುತ್ತಿತ್ತು. ಜೇಮ್ಸ್ ಬಾಂಡ್ 1967ರ ಚಿತ್ರದಲ್ಲಿ ಹಾರಿಸುವ 'ಲಿಟಲ್ ನೆಲ್ಲಿ' ಇದೇ ಜಾತಿಯದ್ದು. ಅದನ್ನು ಕಟ್ಟಿದವನೂ ಚಿತ್ರದಲ್ಲಿ ನಿಜವಾಗಿ ಹಾರಿಸಿದವನೂ ಇಂಗ್ಲೆಂಡಿನ ಕೆನ್ ವಾಲಿಸ್. ತನ್ನ ಕೈಯಾರೆ ಕಟ್ಟಿದ್ದರಲ್ಲಿ ಜೀವಮಾನವಿಡೀ ಹಾರಾಡಿ 2013ರಲ್ಲಿ 97ನೇ ವಯಸ್ಸಿನಲ್ಲಿ ತೀರಿಕೊಂಡ. ಮನೆಯಾಕೆಯ ಹತ್ತಿರ ವಾದ ಮಾಡುವಾಗ ಈ ಅಜ್ಜನನ್ನು ನಾನು ಚೆನ್ನಾಗಿ ಬಳಸಿಕೊಂಡಿದ್ದೇನೆ.

ಆದರೆ ಬೆನ್ಸೆನ್ನನ ದಾರಿಯಲ್ಲಿ ಹೆಣಗಳೂ ಬಿದ್ದವು. ಒಂದೇ ಕುರ್ಚಿ, ಕಲಿಸುವವನಿಗೆ ಜಾಗವಿಲ್ಲ, ಹೀಗಾಗಿ ಬಹಳ ಜನ ತಮಗೆ ತಾವೇ ಕಲಿತರು. ಮೂತಿ ಮೇಲೆ ಕೆಳಗೆ ಆಡಲು ಶುರುವಾದಾಗ ಗಾಬರಿಯಿಂದ ಕೈಯಾಡಿಸಿದಷ್ಟೂ ಆಟ ಹೆಚ್ಚುತ್ತಿತ್ತು. ಹಿಂದೆ ಅಡ್ಡ ರೆಕ್ಕೆಯಿಲ್ಲದ ಆ ವಿನ್ಯಾಸದಲ್ಲಿ ಅದನ್ನು ತಡೆಯುವುದು ಏನೂ ಇರಲಿಲ್ಲ. ಒಂದು ಕ್ಷಣ ರೋಟರಿನ ಮೇಲಿನ ಭಾರ ಹೋದರೆ ಅದರ ವೇಗವೂ ಹೋಗುತ್ತದೆ, ಆಮೇಲೆ ಏನೂ ಮಾಡುವ ಹಾಗಿಲ್ಲ.

ಈಗ ನಮ್ಮೂರಿಗೆ ಬರೋಣ. ಬಿ.ಜೆ. ಶ್ರಾಮ್ ಅನ್ನುವವನು ಅರವತ್ತರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆಟೋಜೈರೋ ಯಾಕೆ, ನಿಂತಲ್ಲೇ ಏಳುವ ನಿಜವಾದ ಹೆಲಿಕಾಪ್ಟರನ್ನೇ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತೇನೆ ಅಂತ ಹೊರಟ. ಅವನ ಕಂಪನಿ ರೋಟರ್‌ವೇ, ಮೊದಲ ಕಿಟ್ಟಿನ ಹೆಸರು ಸ್ಕಾರ್ಪಿಯನ್. ಚೇಳು! ಹಿಂದೆ ಬಾಲ ಎತ್ತಿಕೊಂಡು ನಿಂತ ರೂಪ ನೋಡಿದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ. ಅದಕ್ಕೆ ಹಾಕಿದ್ದು ದೋಣಿಯ ಹಿಂದೆ ಕಟ್ಟುವ ಎಂಜಿನ್ನು. ಹಗುರ, ಬಲ ಜಾಸ್ತಿ, ಆದರೆ ನೀರಿನಲ್ಲಿ ಕೆಟ್ಟು ನಿಂತರೆ ಹುಟ್ಟು ಹಾಕಬಹುದು, ಆಕಾಶದಲ್ಲಿ? ಹಾಗಾಗಿ ಎರಡು ಸೀಟಿನ ಸ್ಕಾರ್ಪಿಯನ್ ಬರುವ ಹೊತ್ತಿಗೆ ಕಂಪನಿ ತನ್ನದೇ ನಾಲ್ಕು ಸಿಲಿಂಡರಿನ ಎಂಜಿನ್ ಮಾಡಿಕೊಂಡಿತು. ಎಂಬತ್ತರ ದಶಕದಲ್ಲಿ ಬಂದ 'ಎಕ್ಸೆಕ್' ನೋಡಲಿಕ್ಕೂ ಕಾರ್ಖಾನೆಯ ಹೆಲಿಕಾಪ್ಟರಿನ ಹಾಗೇ ಇದೆ: ಗಾಜಿನ ಮುಖ, ಎರಡು ಸೀಟು, ಒಳ್ಳೆಯ ಮೈಕಟ್ಟು. ಒಳಗೆ ನೋಡಿದರೆ ಮಾತ್ರ ಮನೆಯ ಕೈಗೆಲಸದ ಲೆಕ್ಕಾಚಾರ ಕಾಣುತ್ತದೆ. ದುಬಾರಿ ಗೇರುಪೆಟ್ಟಿಗೆಯ ಬದಲು ಮುಖ್ಯ ರೋಟರಿಗೆ ಚೈನು, ಬಾಲದ ರೋಟರಿಗೆ ಬೆಲ್ಟು. ಹೌದು, ಸೈಕಲ್ಲಿನ ಹಾಗೇ ಚೈನು. ಕೋರ್ನುವಿನಿಂದ ಹೊರಟವರು ಸುತ್ತಿ ಮತ್ತೆ ಸೈಕಲ್ ಅಂಗಡಿಗೇ ಬಂದೆವು.

ಇಲ್ಲಿನ ಕಾನೂನು ಇದಕ್ಕೆಲ್ಲ ಅವಕಾಶ ಕೊಡುವ ರೀತಿ ಚೆನ್ನಾಗಿದೆ. ಕಲಿಕೆಗೋ ಖುಷಿಗೋ ಕಟ್ಟುವುದಾದರೆ, ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಟ್ಟುವವರೇ ಮಾಡಿರಬೇಕು. ಇದಕ್ಕೆ '51 ಪರ್ಸೆಂಟ್ ರೂಲ್' ಅಂತ ಹೆಸರು. ಮಾಡಿದ್ದಕ್ಕೆ ಫೋಟೋ, ದಿನಚರಿ ಎಲ್ಲ ಇಟ್ಟಿರಬೇಕು. ತಪಾಸಣೆಯವರು ಬಂದು ನೋಡುತ್ತಾರೆ. ಮೈಮೇಲೆ 'ಎಕ್ಸ್‌ಪೆರಿಮೆಂಟಲ್' ಅಂತ ಬರೆಸಬೇಕು. ಆಮೇಲೆ ಸಾಮಾನ್ಯವಾಗಿ ಮೊದಲ 40 ಗಂಟೆ ಗೊತ್ತುಮಾಡಿದ ಜಾಗದಲ್ಲೇ, ಜನರಿಲ್ಲದ ಕಡೆ ಪರೀಕ್ಷೆ ಮಾಡಬೇಕು, ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಹಾರಿಸಲು ಹೆಲಿಕಾಪ್ಟರ್ ಲೈಸೆನ್ಸೂ ಬೇಕು, ಅದಕ್ಕೆ ಕಡಿಮೆಯೆಂದರೆ 40 ಗಂಟೆ ಹಾರಾಟ. ಲೈಸೆನ್ಸೇ ಬೇಡದ ಒಂದು ಕಿರುದಾರಿಯೂ ಇದೆ: 1982ರ ನಿಯಮದ ಪ್ರಕಾರ 254 ಪೌಂಡಿಗಿಂತ ಕಡಿಮೆ ತೂಕದ, ಒಬ್ಬನೇ ಕೂರುವ ಯಂತ್ರ. ಕೆನಡಾದಲ್ಲಿ ಹುಟ್ಟಿದ 'ಮೊಸ್ಕಿಟೊ' ಅನ್ನುವ ಸೊಳ್ಳೆ ಹೆಲಿಕಾಪ್ಟರಿನ ಕೆಲವು ಮಾದರಿಗಳು ಈ ಸಂದಿಯಲ್ಲಿ ನುಸುಳುತ್ತವೆ. ಅದರಲ್ಲಿ ಒಂದಕ್ಕೆ ನೀರಿನ ಮೇಲೆ ತೇಲುವ ಬುರುಡೆ ಕಟ್ಟಿರುತ್ತಾರೆ. ನೀರಿಗೆ ಇಳಿಯಲೇಬೇಕು ಅಂತಲ್ಲ, ತೇಲುಬುರುಡೆ ಇದ್ದರೆ ನಿಯಮದಲ್ಲಿ ತೂಕಕ್ಕೆ ಸ್ವಲ್ಪ ವಿನಾಯಿತಿ ಸಿಗುತ್ತದೆ! ಮರುಭೂಮಿಯ ನಡುವೆ ತೇಲುಬುರುಡೆ ಕಟ್ಟಿಕೊಂಡು ಹಾರುವವರನ್ನು ಕಂಡು ನಮ್ಮ ಊರಿನ ಲೆಕ್ಕಪತ್ರ ಬರೆಯುವವರ ನೆನಪಾಯಿತು.

ಲೈಸೆನ್ಸಿಲ್ಲದೆ ಹಾರಬಹುದು ಅಂದ ಮಾತ್ರಕ್ಕೆ ಕಲಿಯದೆ ಹಾರಬಹುದು ಅಂತಲ್ಲ. ಎಡಗೈಯಲ್ಲಿ ಏರಿಳಿತದ ಹಿಡಿ, ಬಲಗೈಯಲ್ಲಿ ದಿಕ್ಕಿನ ಕೋಲು, ಎರಡು ಕಾಲಿಗೂ ಬಾಲದ ಪೆಡಲು. ಒಂದನ್ನು ಮುಟ್ಟಿದರೆ ಉಳಿದ ಎರಡನ್ನೂ ಸರಿಮಾಡಬೇಕು. ಎಂಜಿನ್ ನಿಂತರೆ ಕೂಡಲೇ ಎಡಗೈ ಕೆಳಗಿಳಿಸಿ, ಕೆಳಗಿನಿಂದ ಬರುವ ಗಾಳಿಯಲ್ಲಿ ರೋಟರ್ ತಿರುಗುತ್ತಲೇ ಇರುವಂತೆ ನೋಡಿಕೊಂಡು ಆ ಕಿರಾಲಬೋಗಿ ಬೀಜದ ಹಾಗೆ ಇಳಿಯಬೇಕು. ಹಗುರ ರೋಟರಿನ ಚಿಕ್ಕ ಹೆಲಿಕಾಪ್ಟರಿನಲ್ಲಿ ಅದಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡು. ನಮ್ಮೂರಿನ ಬಿಸಿಲೂ ಸೇರಿಸಿಕೊಳ್ಳಿ. ಕಾದ ಗಾಳಿ ತೆಳು, ಎತ್ತುವುದು ಕಮ್ಮಿ. 1990ರ ಜೂನ್ 26ರಂದು ಪಕ್ಕದ ಫೀನಿಕ್ಸಿನಲ್ಲಿ 50 ಡಿಗ್ರಿ ಆದಾಗ ದೊಡ್ಡ ವಿಮಾನಗಳನ್ನೇ ಸ್ವಲ್ಪ ಹೊತ್ತು ನಿಲ್ಲಿಸಿದ್ದರು, ಅಷ್ಟು ಬಿಸಿಗೆ ಲೆಕ್ಕದ ಪಟ್ಟಿಯೇ ಇರಲಿಲ್ಲ ಅಂತ.

ಶ್ರಾಮ್ ವಿಷಯ ಅರ್ಧಕ್ಕೆ ಬಿಟ್ಟೆ. 1990ರಲ್ಲಿ ರೋಟರ್‌ವೇ ಬೇರೆಯವರ ಕೈಸೇರಿತು. ಅವನು ಐಡಾಹೋಗೆ ಹೋಗಿ ಒಬ್ಬರೇ ಕೂರುವ ಹೆಲಿಸೈಕಲ್ ಅನ್ನುವ ಹೊಸ ಕಿಟ್ಟು ಮಾಡಿದ. ಸೇನೆಯ ಚಿನೂಕ್ ಹೆಲಿಕಾಪ್ಟರುಗಳಲ್ಲಿ ಸಹಾಯಕ ಎಂಜಿನ್ನಾಗಿ ಬಳಸುವಂಥ ಪುಟ್ಟ ಟರ್ಬೈನನ್ನು ಅದಕ್ಕೆ ಹೊಂದಿಸಿದ. ಬಲ್ಲವರು ಇವತ್ತಿಗೂ ಹೊಗಳುವ ವಿನ್ಯಾಸ. 2004ರಲ್ಲಿ ಅದೇ ಹೆಲಿಸೈಕಲ್ ಹಾರಿಸುತ್ತಿದ್ದಾಗ ಬಿದ್ದು ಸತ್ತ. ಸುಮಾರು ನಲವತ್ತು ವರ್ಷ ಕಿಟ್ಟು ಹೆಲಿಕಾಪ್ಟರುಗಳಲ್ಲೇ ಕಳೆದವನು. ವಾಲಿಸ್ ಅಜ್ಜನ ಕತೆ ಹೇಳಿದ ದಿನವೇ ಇದನ್ನೂ ಮನೆಯಾಕೆಗೆ ಹೇಳಿದೆ. ಹೇಳದೆ ಇರುವುದು ಸರಿಯಲ್ಲ ಅನ್ನಿಸಿತು. ಅವಳು ಏನೂ ಮಾತಾಡದೆ ಎದ್ದು ಹೋಗಿ ಕಾಫಿಗೆ ನೀರಿಟ್ಟಳು.

ಇನ್ನೊಂದು ಸಾವು ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದೆ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹಳ್ಳಿಯೊಂದರಲ್ಲಿ ವೆಲ್ಡಿಂಗ್ ಕೆಲಸದ ಯುವಕನೊಬ್ಬ ಮಾರುತಿ ಕಾರಿನ ಎಂಜಿನ್ ಹಾಕಿ ತಾನೇ ಕಟ್ಟಿದ ಹೆಲಿಕಾಪ್ಟರನ್ನು ರಾತ್ರಿ ಹೊತ್ತು ಚಾಲೂ ಮಾಡಿ ನೋಡುತ್ತಿದ್ದ. ನೆಲದ ಮೇಲೇ ಇತ್ತು. ಬಾಲದ ಬ್ಲೇಡು ಮುರಿದು ಮೇಲಿನ ರೋಟರಿಗೆ ಬಡಿಯಿತು, ಅದು ಅವನ ತಲೆಗೆ ಬಡಿಯಿತು. ಸುದ್ದಿಯ ಕೆಳಗೆ ಜನ 'ಹುಚ್ಚ' ಅಂತ ಬರೆದದ್ದನ್ನು ಓದಿ ಮೈ ಉರಿಯಿತು. ಇವನು ಹುಚ್ಚನಾದರೆ ಸೈಕಲ್ಲಿನ ಕೋರ್ನು ಏನು, ಹ್ಯಾಟಿನ ಸಿಕೋರ್ಸ್ಕಿ ಏನು? ಅವನ ಕೈಯಲ್ಲಿದ್ದ ಕಸುಬು ನನ್ನ ಕೈಯಲ್ಲಿಲ್ಲ, ನನಗೆ ಸರಿಯಾಗಿ ವೆಲ್ಡಿಂಗೂ ಬರುವುದಿಲ್ಲ. ನನಗೆ ಸಿಗುವುದು, ಅವನಿಗೆ ಸಿಗದೇ ಹೋದದ್ದು ಬೇರೆ: ಎಷ್ಟು ಗಂಟೆಗೆ ದಣಿಯುತ್ತದೆ ಅಂತ ಗೊತ್ತಿರುವ ಬ್ಲೇಡು, ಯಾವ ಬೋಲ್ಟನ್ನು ಎಷ್ಟು ಬಿಗಿಮಾಡಬೇಕು ಅಂತ ಬರೆದ ಪುಸ್ತಕ, 'ನಿಲ್ಲಿಸಪ್ಪಾ, ಇದು ಸರಿಯಿಲ್ಲ' ಅಂತ ಹೇಳುವ ನಾಲ್ಕು ಜನ ಅನುಭವಸ್ಥರು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅರವತ್ತರ ದಶಕದಿಂದ ಚೇತಕ್ ಕಟ್ಟಿದ್ದಾರೆ, 1992ರಲ್ಲಿ ಧ್ರುವ ಹಾರಿದೆ. ಆ ಗೋಡೆಯೊಳಗೆ ಇಷ್ಟೊಂದು ವಿದ್ಯೆ ಇದೆ. ಹೊರಗಿನ ವೆಲ್ಡಿಂಗ್ ಅಂಗಡಿಯವರೆಗೆ ಅದು ಬರುವ ದಾರಿ ನಮ್ಮಲ್ಲಿ ಯಾರೂ ಮಾಡಲಿಲ್ಲ.

ನನ್ನ ವಿಷಯ: ಇಲ್ಲೇ ಇಪ್ಪತ್ತು ಮೈಲಿ ದೂರದಲ್ಲಿ ಒಂದು ಅರೆಬರೆ ಎಕ್ಸೆಕ್ ಮಾರಾಟಕ್ಕಿದೆ. ಕಟ್ಟುತ್ತಿದ್ದ ಹಿರಿಯರು ತೀರಿಕೊಂಡರು, ಮಗಳು ಮಾರುತ್ತಿದ್ದಾರೆ. ಚೌಕಟ್ಟು ನಿಂತಿದೆಯಂತೆ, ಬ್ಲೇಡುಗಳು ಪೆಟ್ಟಿಗೆಯಲ್ಲೇ ಇವೆಯಂತೆ. ಬೆಲೆ ಆಸೆ ಹುಟ್ಟಿಸುವ ಹಾಗಿದೆ. ಮನೆಯಲ್ಲಿ ಎರಡು ವಾರ ಮಾತುಕತೆ ನಡೆದು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮೊದಲು ಶಾಲೆಗೆ ಸೇರಿ ಆರ್22ರಲ್ಲಿ ಲೈಸೆನ್ಸ್ ಆಗುವವರೆಗೆ ಕಲಿಯುವುದು. ಅಷ್ಟರಲ್ಲಿ ಆಸೆ ಇಳಿದರೆ ಇಳಿಯಲಿ. ಕಿಟ್ಟು ಕೊಂಡರೆ ಕಟ್ಟುವ ಕೆಲಸಕ್ಕೆ ವರ್ಷಗಳ ಲೆಕ್ಕ, ತಿಂಗಳ ಲೆಕ್ಕವಲ್ಲ. ಮುಗಿದ ಮೇಲೆ ಸಿಕೋರ್ಸ್ಕಿಯ ಹಾಗೆ ಎಂಟು ತಿಂಗಳಾದರೂ ನೆಲಕ್ಕೆ ಕಟ್ಟಿಯೇ ಇರಬೇಕು. ಈ ಕೊನೆಯ ಷರತ್ತು ಮನೆಯಾಕೆಯದು, ದಿನಾಂಕಗಳನ್ನು ಅವಳಿಗೆ ಹೇಳಿಕೊಟ್ಟವನು ನಾನೇ.

ಶನಿವಾರ ಆ ಪೆಟ್ಟಿಗೆಗಳನ್ನು ನೋಡಲು ಹೋಗುತ್ತಿದ್ದೇವೆ, ಇಬ್ಬರೂ. ಬೆಲೆ ಮಾತಾಡಲಿಕ್ಕಲ್ಲ. ಆ ಹಿರಿಯರು ಯಾವ ಬೋಲ್ಟನ್ನು ಯಾವತ್ತು ಬಿಗಿ ಮಾಡಿದರು ಅಂತ ಬರೆದಿಟ್ಟ ದಿನಚರಿ ಇದೆಯೋ ಇಲ್ಲವೋ, ಅದನ್ನು ನೋಡಬೇಕು. ಇಲ್ಲದಿದ್ದರೆ ಬರಿಗೈಯಲ್ಲಿ ವಾಪಸ್ಸು. ಇದ್ದರೆ ಓದಲು ಕೇಳಿ ತರುತ್ತೇನೆ.